ಮಾತು ಎತ್ತಿಕೊಡದ ಪ್ರಾಂಪ್ಟ್

ಮಾರ್ಚ್ 3, ಸೋಮವಾರ

ಟೀ ಆಯಿತು. ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸಿದ್ದೂ ಆಯಿತು. ಇನ್ನು ಅದರಿಂದ ಏನೂ ಆಗುವುದಿಲ್ಲ ಎಂದು ಡಾಕ್ಟರೇ ಹೇಳಿದ್ದಾರೆ. ಹಾಗೆಂದು ಹುಟ್ಟಿನಿಂದ ಬಂದ ಅಭ್ಯಾಸ ಬಿಡುತ್ತದೆಯೆ?

ಚಪ್ಪಲಿ ಅಂಗಡಿಯ ಜಾಹೀರಾತು ರೆಕಾರ್ಡ್ ಮಾಡಿ ಕಳಿಸಿದೆ. "ಬನ್ನಿ! ಬನ್ನಿ! ಬರಿಗಾಲಲ್ಲಿ ಬಂದವರು ಬೂಟು ತೊಟ್ಟು ಹೋಗಿ!" ಎರಡನೆಯ 'ಬನ್ನಿ'ಗೆ ದನಿ ಒಡೆಯಿತು. ಒಡೆದದ್ದನ್ನೇ ಕಳಿಸಿದೆ. "ಸೂಪರ್ ಸಾರ್, ಹಳೇ ಫೀಲ್ ಇದೆ" ಎಂದು ಅಂಗಡಿಯವನ ಮೆಸೇಜು.

ಹಳೇ ಫೀಲ್! ಗಡ್ಡೆ ಕಣಯ್ಯಾ ಅದು, ಗಡ್ಡೆ! ಇಪ್ಪತ್ತನೇ ತಾರೀಕು ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಡುತ್ತಾರೆ. ಆಮೇಲೆ ಬನ್ನಿಯೂ ಇಲ್ಲ, ಹೋಗಿಯೂ ಇಲ್ಲ.

ಆಸ್ಪತ್ರೆಯ ಮಾತಿನ ಮೇಡಂ ಒಂದು ಲಿಂಕ್ ಕಳಿಸಿದ್ದಾರೆ. ಸ್ಪೀಚ್ ಥೆರಪಿಸ್ಟ್ ಎಂಬುದು ಬಾಯಿ ತುಂಬುವುದಿಲ್ಲ, ಆದ್ದರಿಂದ ಮಾತಿನ ಮೇಡಂ. ಆಪರೇಷನ್‌ಗೆ ಮುಂಚೆ ಕೆಲವು ನೂರು ವಾಕ್ಯ ಓದಿ ಕೊಟ್ಟರೆ, ಆಮೇಲೆ ನಾನು ಟೈಪ್ ಮಾಡಿದ್ದನ್ನು ನನ್ನದೇ ದನಿಯಲ್ಲಿ ಹೇಳುವ ಸಾಫ್ಟ್‌ವೇರ್. ಪುಕ್ಕಟೆ. ನಮ್ಮ ಭಾಷೆಗೂ ಆಗುತ್ತದಂತೆ. ಮೊನ್ನೆ ಆಸ್ಪತ್ರೆಯಲ್ಲಿ ಸಿಕ್ಕಾಗಲೇ ಹೇಳಿದ್ದರು:

"ಒಂದೇ ತೊಂದ್ರೆ ಸರ್. ಇನ್‌ಸ್ಟಾಲ್ ಮಾಡೋದು ಕಮಾಂಡ್ ಲೈನಲ್ಲಿ. ನಂಗೂ ಬರಲ್ಲ, ಇಲ್ಲಿ ಯಾರಿಗೂ ಬರಲ್ಲ."

"ಮೇಡಂ," ಎಂದೆ, "ಕಮಾಂಡು, ಲೈನು, ಎರಡೂ ನನ್ನ ಕಸುಬೇ!" ಕಾರಿಡಾರಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ. ಇನ್ನೆಷ್ಟು ದಿನ.

ಮಧ್ಯಾಹ್ನ ಲ್ಯಾಪ್‌ಟಾಪ್ ಎದುರು ಕೂತೆ. ಸೆಕೆಂಡ್ ಹ್ಯಾಂಡ್ ಮಾಲು. ಜಾಹೀರಾತಿನ ಮಾತು ಕಾಪಿ ಮಾಡುವುದು, ರೆಕಾರ್ಡ್ ಒತ್ತುವುದು, ಸ್ಟಾಪ್ ಒತ್ತುವುದು, ಕಳಿಸುವುದು — ಇಷ್ಟೇ ನಮ್ಮಿಬ್ಬರ ಸಂಬಂಧ. ಸೂಚನೆಯ ಮೊದಲ ಸಾಲು: ಟರ್ಮಿನಲ್ ತೆರೆಯಿರಿ. ತೆರೆದೆ. ಕರಿ ಕಿಟಕಿ. ಎರಡನೇ ಸಾಲು: ಪ್ರಾಂಪ್ಟ್‌ಗಾಗಿ ಕಾಯಿರಿ.

ಕಾದೆ.

ಪ್ರಾಂಪ್ಟ್ ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಾಟಕ ಕಂಪನಿಯ ಡೇರೆಯಲ್ಲಿ ಹುಟ್ಟಿದವನು. ಸೈಡ್ ವಿಂಗಿನಲ್ಲಿ ಪುಸ್ತಕ ಹಿಡಿದು ನಿಂತವರು ನಟ ಮರೆತ ಮಾತನ್ನು ಎತ್ತಿಕೊಡುವುದೇ ಪ್ರಾಂಪ್ಟ್. ನಮ್ಮ ಕಂಪನಿಯ ಪ್ರಾಂಪ್ಟರ್ ನನ್ನ ಅಕ್ಕನೇ. ಮಾತು ಮರೆತವನು ಬಲಗಾಲಿನಿಂದ ಹಲಗೆಯನ್ನು ಎರಡು ಸಲ ತಟ್ಟಬೇಕು. ಟಕ್ ಟಕ್. ಜನಕ್ಕೆ ಅದು ರಾಜನ ಗತ್ತು. ಅಕ್ಕನಿಗೆ 'ಎತ್ತಿಕೊಡೇ, ಸತ್ತೆ' ಎಂಬ ಮೊರೆ.

ಆದ್ದರಿಂದ ಕೈಕಟ್ಟಿ ಕಾದೆ. ಕರಿ ಕಿಟಕಿಯ ಮೂಲೆಯಲ್ಲಿ ಒಂದು ಗೆರೆ ಮಿಣುಕಿತು. ಮಿಣುಕಿತು. ಟೀ ಆರಿತು. ಇನ್ನೂ ಮಿಣುಕಿತು. ಕೊನೆಗೆ ಮೇಜನ್ನೇ ಎರಡು ಸಲ ತಟ್ಟಿದೆ.

ಏನೂ ಇಲ್ಲ.

ಮೇಡಂಗೆ ಮೆಸೇಜ್ ಹಾಕಿದೆ: ಪ್ರಾಂಪ್ಟ್ ಬರುತ್ತಿಲ್ಲ. ಅವರು ಯಾರನ್ನೋ ಕೇಳಿ ಉತ್ತರಿಸಿದರು: ಆ ಮಿಣುಕೋ ಗೆರೆನೇ ಪ್ರಾಂಪ್ಟ್ ಸರ್, ನೀವು ಏನ್ ಹೇಳ್ತೀರಿ ಅಂತ ಅದು ಕಾಯ್ತಿದೆ.

ಭಲೇ! ಪ್ರಾಂಪ್ಟರೇ ನಟನ ಬಾಯಿ ನೋಡುತ್ತಾ ನಿಂತ ರಂಗಭೂಮಿಯನ್ನು ಇವತ್ತೇ ಕಂಡದ್ದು.

ಮಾರ್ಚ್ 4

ಸೂಚನೆಯಲ್ಲಿದ್ದ ಸಾಲನ್ನು ಅಕ್ಷರ ಅಕ್ಷರ ನೋಡಿ ಟೈಪ್ ಮಾಡಿದೆ. ಕಮಾಂಡ್ ನಾಟ್ ಫೌಂಡ್. ಮತ್ತೆ ಮಾಡಿದೆ. ಕಮಾಂಡ್ ನಾಟ್ ಫೌಂಡ್. ಎದ್ದು ನಿಂತು ಮಾಡಿದೆ. ಎದ್ದು ನಿಂತರೆ ಏನಾದರೂ ಬದಲಾಗುತ್ತದೆಯೋ ಎಂದು.

"ಕಮಾಂಡ್! ನಾಟ್! ಫೌಂಡ್!" — ಛಾವಣಿ ಹಾರುವಂತೆ ಘರ್ಜಿಸಿದೆ.

ಢಬ್ ಢಬ್ ಢಬ್ — ಗೋಡೆಯಾಚೆಯಿಂದ. ಬ್ರೆಡ್ಡಿನವನು. ಬ್ರೆಡ್ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮಾಡಿ ಹಗಲು ಮಲಗುತ್ತಾನೆ. ನಾಲ್ಕು ವರ್ಷದಿಂದ ಗೋಡೆಯ ಮೂಲಕವೇ ನಮ್ಮ ಮಾತುಕತೆ. ಮೆಟ್ಟಿಲಲ್ಲಿ ಎದುರಾದರೆ, "ಏನ್ ಮಹಾರಾಜ್ರೇ, ಇವತ್ತು ಯಾರ ತಲೆ ತೆಗೆಸಿದ್ರಿ?" ಎಂದು ಬಗ್ಗಿ ಇಳಿದುಹೋಗುತ್ತಾನೆ. ಅಷ್ಟೇ.

ಸಂಜೆ ತಿಳಿಯಿತು. ಸಾಲಿನ ಮೊದಲಿಗೆ $ ಗುರುತಿದೆ. ಅದನ್ನು ಟೈಪ್ ಮಾಡಬಾರದಂತೆ. ಇಲ್ಲಿಂದ ನಿಮ್ಮ ಮಾತು ಶುರು ಎಂದು ತೋರಿಸುವ ಗುರುತು ಅದು. ನಾನು ಅದನ್ನೂ ಹೇಳಿದ್ದೆ.

ಕಂಪನಿಯಲ್ಲಿ ಒಬ್ಬ ಹೊಸಬ ಬಂದಿದ್ದ. ದ್ವಾರಪಾಲಕನ ಪಾತ್ರ. ಪುಸ್ತಕದಲ್ಲಿದ್ದದ್ದನ್ನೆಲ್ಲ ಉರುಹೊಡೆದು ಬಂದು ತುಂಬಿದ ಡೇರೆಯ ಎದುರು ಒದರಿದ: "ಬಲಗಡೆಯಿಂದ ಪ್ರವೇಶ, ಏದುಸಿರು ಬಿಡುತ್ತಾ, ಪ್ರಭೂ, ಶತ್ರುಗಳು ಬಂದರು!" ಸಾಯುವ ತನಕ ಅವನ ಹೆಸರು ಬಲಗಡೆ. ನಕ್ಕವರಲ್ಲಿ ನಾನೇ ಜೋರು.

ಇವತ್ತು ನಾನೇ ಬಲಗಡೆ. ನಗಲು ಒಬ್ಬರಾದರೂ ಇದ್ದಿದ್ದರೆ ಚೆನ್ನಾಗಿತ್ತು.

ಮಾರ್ಚ್ 6, ಗುರುವಾರ

ಪಾಸ್‌ವರ್ಡ್ ಕೇಳಿತು. ಟೈಪ್ ಮಾಡಿದರೆ ಏನೂ ಮೂಡುತ್ತಿಲ್ಲ. ಅಕ್ಷರವಿಲ್ಲ, ಚುಕ್ಕಿಯಿಲ್ಲ. ಕೀಲಿಮಣೆ ಕೆಟ್ಟಿತೆಂದು ತಿರುಗಿಸಿ ಬಡಿದೆ. ಬ್ರೆಡ್ಡಿನ ಪುಡಿ ಉದುರಿತು. ಬ್ರಷ್ಷಿನಿಂದ ಉಜ್ಜಿದೆ. ಮತ್ತೆ ಟೈಪ್. ಮತ್ತೆ ಶೂನ್ಯ.

ನಿನ್ನೆ ಇಡೀ ದಿನ ಇದರಲ್ಲೇ ಹೋಯಿತು. ಇವತ್ತು ಇಂಟರ್ನೆಟ್ಟಿನಲ್ಲಿ ಹುಡುಕಿದರೆ... ಅದು ಇರುವುದೇ ಹಾಗಂತೆ! ಪಾಸ್‌ವರ್ಡ್ ಕಾಣಿಸುವುದಿಲ್ಲ, ಆದರೆ ಅದಕ್ಕೆ ಕೇಳಿಸಿರುತ್ತದೆ. ನಂಬಿ ಎಂಟರ್ ಒತ್ತಬೇಕು.

ಒತ್ತಿದೆ. ಒಪ್ಪಿತು!

ಮಾತಾಡಿದ್ದು ಏನೂ ಹೊರಗೆ ಕಾಣದೆ, ಆಚೆಗೆ ಮಾತ್ರ ಕೇಳಿಸುವುದು. ಇಪ್ಪತ್ತನೇ ತಾರೀಕಿನ ಮೇಲೆ ನನ್ನ ಗತಿ ಇದಕ್ಕೆ ಉಲ್ಟಾ. ಬಾಯಿ ಆಡುವುದು ಎಲ್ಲರಿಗೂ ಕಾಣುತ್ತದೆ, ಯಾರಿಗೂ ಏನೂ ಕೇಳಿಸುವುದಿಲ್ಲ.

ಮಾರ್ಚ್ 7

ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬಂದೆ. ಕೌಂಟರಿನ ಹುಡುಗಿ ತಲೆ ಎತ್ತದೆ ಕೇಳಿದಳು:

"ಜೊತೆಗೆ ಯಾರ್ ಇರ್ತಾರೆ?"

"ಯಾರೂ ಇಲ್ಲಮ್ಮ."

"ಯಾರಾದ್ರೂ ಒಬ್ರು ಬೇಕೇ ಬೇಕು ಅಂಕಲ್. ಇಲ್ದಿದ್ರೆ ಅಡ್ಮಿಟ್ ಮಾಡ್ಕೊಳ್ಳಲ್ಲ."

ಮನೆಗೆ ಬಂದು ಕರಿ ಕಿಟಕಿ ತೆರೆದರೆ ಅಲ್ಲೂ ಅದೇ ರಾಗ. ಈ ಸಾಫ್ಟ್‌ವೇರ್ ನಡೆಯಬೇಕಾದರೆ ಇನ್ನೊಂದು ಬೇಕು. ಅದು ಸಿಗಲಿಲ್ಲ. ಡಿಪೆಂಡೆನ್ಸಿ ಅನ್ನುತ್ತಾರಂತೆ. ಆ ಇನ್ನೊಂದನ್ನು ಹಾಕಹೋದರೆ ಅದಕ್ಕೆ ಮತ್ತೊಂದು ಬೇಕು. ಮತ್ತೊಂದಕ್ಕೆ ಮಗದೊಂದು.

ಇದರಲ್ಲೇನು ಹೊಸದು? ರಾಜಪಾರ್ಟಿನವರು ಬಣ್ಣ ಹಚ್ಚಬೇಕಾದರೆ ಸಂಗೀತ ಮಾಸ್ತರು ಬಂದಿರಬೇಕು. ಮಾಸ್ತರು ಬರಬೇಕಾದರೆ ಅವರ ಭಾವಮೈದುನನಿಗೆ ಒಂದು ಪಾತ್ರ ಕೊಡಬೇಕು. ಭಾವಮೈದುನನಿಗೆ ಮೀಸೆ ಅಂಟಿಸಲು ಬೇರೆ ಯಾರೂ ಆಗದು, ಬಣ್ಣದವರೇ ಆಗಬೇಕು. ಬಣ್ಣದವರು ಟೀ ಬರದೆ ಏಳುವುದಿಲ್ಲ. ಟೀಯವನು ಹಳೆ ಬಾಕಿ ಕೊಡದೆ ಕೆಟಲ್ ಎತ್ತುವುದಿಲ್ಲ. ಹೀಗೆ ಟೀಯವನೊಬ್ಬನ ಮುನಿಸಿನಿಂದ ಇಡೀ ಸಾಮ್ರಾಜ್ಯ ನಿಂತ ದಿನಗಳನ್ನು ಕಂಡವನು ನಾನು!

ಒಂದೊಂದಾಗಿ ಕರೆದೆ. ಒಂದೊಂದೇ ಬಂದವು. ಸಾಲು ಸಾಲು ಅಕ್ಷರ ಕೆಳಗಿನಿಂದ ಮೇಲೆ ಹರಿದವು. ಕೊನೆಗೆ ಕೆಂಪು.

ಕೆಂಪು ಅಂದರೆ ಆಗಲಿಲ್ಲ ಎಂದರ್ಥ. ಇಷ್ಟು ಕಲಿತಿದ್ದೇನೆ.

ಮಾರ್ಚ್ 9, ಭಾನುವಾರ, ಬೆಳಿಗ್ಗೆ 11ರ ನಂತರ

ಅಕ್ಕನಿಗೆ ಫೋನ್. ಪ್ರತಿ ಭಾನುವಾರದ ಏಕಪ್ರದರ್ಶನ.

ಅಕ್ಕನ ಸೊಸೆ ಎತ್ತಿದಳು. "ಮಾವ, ಒಂದ್ನಿಮಿಷ, ಸ್ಪೀಕರ್ ಆಫ್ ಮಾಡ್ತೀನಿ. ಹೋದ ವಾರ ನೀವು ಹಲೋ ಅಂದಿದ್ದಕ್ಕೆ ಎದುರು ಮನೆಯವ್ರು ಬಾಗಿಲು ತೆಗೆದ್ರು."

ಆಮೇಲೆ ಅಕ್ಕ. "ಏನೋ ಗಂಟ್ಲೂ! ಊಟ ಆಯ್ತೇನೋ?"

ತೊಟ್ಟಿಲಲ್ಲಿದ್ದಾಗಿನಿಂದ ನನ್ನನ್ನು ಗಂಟ್ಲು ಎಂದೇ ಕರೆದವಳು. ನಾನು ಅತ್ತರೆ ಡೇರೆಯ ಹಗ್ಗ ಬಿಚ್ಚಿಕೊಳ್ಳುತ್ತಿತ್ತಂತೆ. ಅವಳ ಕಿವಿ ಹೋದದ್ದು ಕಂಪನಿಯಲ್ಲೇ. ಪ್ರಾಂಪ್ಟರ್ ನಿಲ್ಲುವ ಜಾಗ ಗುಡುಗಿನ ತಗಡಿನ ಪಕ್ಕ. ಒಬ್ಬ ತಗಡು ಅಲ್ಲಾಡಿಸಿ ಗುಡುಗಿಸುವುದು, ಅದರ ನಡುವೆ ಇವಳು ಕಿವಿಗೊಟ್ಟು ನಮ್ಮ ಮಾತು ಹಿಡಿಯುವುದು. ವರ್ಷಗಟ್ಟಲೆ. ಈಗ ಮಗ ಮಾತಾಡಿದರೂ ಕೇಳಿಸದು, ಸೊಸೆ ಕೂಗಿದರೂ ಕೇಳಿಸದು. ಕಣ್ಣಿಗೆ ಪೊರೆ, ಓದಲಾರಳು. ಫೋನಿನಲ್ಲಿ ಅವಳಿಗೆ ತಲುಪುವ ದನಿ ಭೂಮಿಯ ಮೇಲೆ ಒಂದೇ. ನನ್ನದು.

"ನಿನ್ನ ದನಿ ಯಾಕೋ ಹರಿದ ಪರದೆ ಥರ ಇದೆ?"

"ನೆಗಡಿ ಅಕ್ಕಾ!"

"ಹಾಂ?"

"ನೆ-ಗ-ಡಿ!"

ಢಬ್ ಢಬ್ — ಗೋಡೆ.

"ಅದೇನೋ ಸದ್ದು?"

"ಚಪ್ಪಾಳೆ ಅಕ್ಕಾ!"

ನಕ್ಕಳು. ಅವಳು ನಗುವಾಗ ಹಲ್ಲಿನ ಸೆಟ್ಟು ಕಟಕಟ ಎನ್ನುತ್ತದೆ. ಆಮೇಲೆ ಆ ದೊಡ್ಡ ಪ್ರದರ್ಶನದ ಕಥೆ ಶುರುಮಾಡಿದಳು. ರಾಜ್ಯ ಕಳೆದುಕೊಂಡ ರಾಜನಾಗಿ ನಾನು ಕೋಟೆಬಾಗಿಲಿಗೆ ಬಂದು ನಿಂತದ್ದು, ಮೊದಲ ಮಾತೇ ಮರೆತದ್ದು, ಟಕ್ ಟಕ್ ತಟ್ಟಿದ್ದು. ಪ್ರತಿ ಭಾನುವಾರ ಹೇಳುತ್ತಾಳೆ, ಪ್ರತಿ ಭಾನುವಾರ ನಾನು ಹೊಸದಾಗಿ ಕೇಳುತ್ತೇನೆ. "ಬಾಗಿಲು ತೆರೆಯಿರಿ! ಸೋತು ಬಂದಿದ್ದೇನೆ, ಸತ್ತು ಬಂದಿಲ್ಲ!" ಕೊನೆಗೆ ಆ ಮಾತನ್ನು ನಾನು ಒದರಬೇಕು. ಅದು ಮಂಗಳ.

ಹೇಳಲಿಲ್ಲ ಅವಳಿಗೆ. ಹೇಳುವುದಿಲ್ಲ. ಯಂತ್ರವೇ ನನ್ನ ದನಿಯಲ್ಲಿ ಮಾತಾಡಿದರೆ ಅವಳಿಗೇಕೆ ಗೊತ್ತಾಗಬೇಕು? ಭಾನುವಾರ ಹನ್ನೊಂದಕ್ಕೆ ಗಂಟ್ಲು ಫೋನ್ ಮಾಡುತ್ತಾನೆ. ಅಷ್ಟೇ ಅವಳಿಗೆ ಬೇಕು.

ಅಷ್ಟೇ ನನಗೂ.

ಮಾರ್ಚ್ 11

ಇವತ್ತಿನ ಕೆಂಪಕ್ಷರ ಬೇರೆ. ವರ್ಷನ್ ಕಾನ್‌ಫ್ಲಿಕ್ಟ್. ಜಾಹೀರಾತು ರೆಕಾರ್ಡ್ ಮಾಡುವ ಸಾಫ್ಟ್‌ವೇರಿಗೆ ಯಾವುದೋ ಒಂದರ ಹೊಸ ಆವೃತ್ತಿ ಬೇಕು, ಈ ದನಿಯ ಸಾಫ್ಟ್‌ವೇರಿಗೆ ಅದರದ್ದೇ ಹಳೆಯದು ಬೇಕು. ಹಳೆಯದನ್ನು ಹಾಕಿದೆ, ರೆಕಾರ್ಡಿಂಗ್ ಸತ್ತಿತು. ಹೊಸದನ್ನು ಹಾಕಿದೆ, ಇದು ಸತ್ತಿತು. ಒಬ್ಬ ಇರುವ ರಂಗಕ್ಕೆ ಇನ್ನೊಬ್ಬ ಕಾಲಿಡುವುದಿಲ್ಲ ಎನ್ನುವ ಇಬ್ಬರು ಹೀರೋಗಳು!

ಆ ಸಾಫ್ಟ್‌ವೇರಿನವರದ್ದೇ ಒಂದು ಫೋರಂ ಇದೆ. ಹರಕು ಇಂಗ್ಲಿಷಿನಲ್ಲಿ ನನ್ನ ಕಥೆ ಬರೆದೆ. ಯಾರೋ 'ಬೂದು ಬೆಕ್ಕು' ಎಂಬ ಹೆಸರಿನವರು ಅರ್ಧ ಗಂಟೆಯಲ್ಲಿ ಉತ್ತರಿಸಿದರು. ಯಾವ ದೇಶವೋ, ಗಂಡೋ ಹೆಣ್ಣೋ. ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಳ್ಳಿ ಎಂದು ಕಮಾಂಡುಗಳನ್ನು ಸಾಲಾಗಿ ಬರೆದುಕೊಟ್ಟಿದ್ದಾರೆ. ನನಗೆ ತಿಳಿದ ಮಟ್ಟಿಗೆ — ಒಂದೇ ಡೇರೆಯೊಳಗೆ ಇನ್ನೊಂದು ಸಣ್ಣ ಡೇರೆ. ಆ ಹೀರೋ ಅಲ್ಲಿ, ಈ ಹೀರೋ ಇಲ್ಲಿ. ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ಆದರೆ ಪ್ರತಿ ಸಲ ಕಿಟಕಿ ತೆರೆದಾಗಲೂ ಮೊದಲು 'ಆ್ಯಕ್ಟಿವೇಟ್' ಎಂಬ ಕಮಾಂಡು ಕೊಟ್ಟು ಸಣ್ಣ ಡೇರೆಯೊಳಗೆ ಹೋಗಬೇಕು. ಮರೆತರೆ ಅಲ್ಲಿರುವುದು ಯಾವುದೂ ಕಾಣಿಸುವುದಿಲ್ಲ.

ಕೊನೆಗೆ ಬೂದು ಬೆಕ್ಕು ಒಂದು ಸಾಲು ಸೇರಿಸಿತ್ತು. ನನ್ನ ತಂದೆಗೂ ಇದೇ ಆಪರೇಷನ್ ಆಗಿತ್ತು, ನಮಗೆ ಈ ಸಾಫ್ಟ್‌ವೇರಿನ ವಿಷಯ ತಡವಾಗಿ ತಿಳಿಯಿತು, ನೀವು ಬೇಗ ಮಾಡಿ.

'ಮೊದಲು ಆ್ಯಕ್ಟಿವೇಟ್!' ಎಂದು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ.

ಮಾರ್ಚ್ 13, ಗುರುವಾರ

ಬಂತು! ಬಂತು! ಬಂತು!

ಕೊನೆಯ ಶತ್ರು ಯಾರು ಗೊತ್ತೆ? ಒಂದು ಖಾಲಿ ಜಾಗ. ಫೋಲ್ಡರಿಗೆ 'ನನ್ನ ಧ್ವನಿ' ಎಂದು ಹೆಸರಿಟ್ಟಿದ್ದೆ. ನಡುವೆ ಜಾಗ ಬಿಟ್ಟರೆ ಈ ಕಮಾಂಡು 'ನನ್ನ' ಎಂಬಲ್ಲಿಗೇ ನಿಂತುಬಿಡುತ್ತದೆ, 'ಧ್ವನಿ' ಬೇರೆ ಯಾರೋ ಎಂದುಕೊಳ್ಳುತ್ತದೆ. ನನ್ನ ಎಂಬುದು ಸಿಗಲಿಲ್ಲ, ಧ್ವನಿ ಎಂಬುದು ಸಿಗಲಿಲ್ಲ ಎಂದು ಎರಡು ಕೆಂಪು ಸಾಲು. ಎರಡನ್ನೂ ಸೇರಿಸಿ ಬರೆದೆ. ಸಂಧಿ ಮಾಡಿದೆ. ಕೆಲಸ ಆಯಿತು.

ಬಿಳಿ ಪೆಟ್ಟಿಗೆ ತೆರೆದುಕೊಂಡು ಮೊದಲ ವಾಕ್ಯ ಮೂಡಿತು: "ನಾಳೆ ಬೆಳಿಗ್ಗೆ ಬೇಗ ಏಳಬೇಕು." ಎದೆ ಸೆಟೆಸಿ ಓದಿದೆ. ರಣಭೇರಿ ಬಾರಿಸಿದ ಹಾಗೆ — ನಾಳೆ! ಬೆಳಿಗ್ಗೆ! ಪೆಟ್ಟಿಗೆ ಕೆಂಪಾಯಿತು. ದನಿ ವಿಪರೀತ ಜೋರು, ಮತ್ತೆ ಓದಿ. ಮತ್ತೆ ಓದಿದೆ. ಮತ್ತೆ ಕೆಂಪು.

ಮೇಡಂಗೆ ಫೋನ್ ಮಾಡಿದೆ.

"ನಾಟಕ ಬೇಡ ಸರ್. ಮನೇಲಿ ಹೇಗ್ ಮಾತಾಡ್ತೀರೋ ಹಾಗ್ ಓದಿ."

"ಮನೇಲಿ ನಾನು ಮಾತಾಡಲ್ಲ ಮೇಡಂ."

"ಯಾಕ್ ಸರ್?"

ಯಾರೊಡನೆ ಮಾತಾಡಲಿ?

ಮಾರ್ಚ್ 14

ಬೆಳಿಗ್ಗೆ ಬ್ರೆಡ್ಡಿನವನ ಬಾಗಿಲು ಬಡಿದೆ. ಗೋಡೆಯಲ್ಲ, ಬಾಗಿಲು. ಪಾಳಿ ಮುಗಿಸಿ ಬಂದು ಶರ್ಟು ಬಿಚ್ಚುತ್ತಿದ್ದ. ಮೊಣಕೈವರೆಗೂ ಹಿಟ್ಟಿನ ಬಿಳುಪು.

"ಹಗಲೆಲ್ಲ ಸ್ವಲ್ಪ ಓದೋದಿದೆ ಕಣಪ್ಪ. ನಾಲ್ಕೈದು ದಿನ. ಅನುಮತಿ ಕೇಳೋಣ ಅಂತ ಬಂದೆ."

"ಅನುಮತಿನಾ? ನಾಲ್ಕು ವರ್ಷದಿಂದ ಕಿರುಚ್ತಾ ಇದ್ದೀರಿ ಮಹಾರಾಜ್ರೇ, ಈಗೇನು ಹೊಸದಾಗಿ?"

ಹೇಳಿದೆ. ಎಲ್ಲ ಹೇಳಿದೆ. ಅಕ್ಕನಿಗೂ ಹೇಳದ್ದನ್ನು ಈ ಮನುಷ್ಯನ ಬಾಗಿಲಲ್ಲಿ ನಿಂತು. ಅವನು ಶರ್ಟಿನ ಒಂದು ತೋಳು ಹಾಕಿಕೊಂಡೇ ಕೇಳಿದ.

"ಮೆಲ್ಲಗೆ ಓದಿ," ಎಂದ. "ನಾನು ಮಲಗಿರ್ತೀನಿ ಅಂತ ನೆನಪಿಟ್ಕೊಂಡು ಓದಿ, ಸಾಕು."

ಇದಲ್ಲವೇ ನಿರ್ದೇಶನ! ಒಳಗೆ ಯಾರೋ ಮಲಗಿದ್ದಾರೆ. ದುಡಿದು ದಣಿದು ಬಂದವರು. ಎಬ್ಬಿಸಬಾರದು. ಹಾಗೆ ಓದಿದೆ. "ನಾಳೆ ಬೆಳಿಗ್ಗೆ ಬೇಗ ಏಳಬೇಕು." ಪೆಟ್ಟಿಗೆ ಹಸಿರಾಯಿತು. "ಬಾಗಿಲ ಹತ್ತಿರ ಕೊಡೆ ಇಟ್ಟಿದ್ದೇನೆ." ಹಸಿರು. "ನೀನು ಮೊದಲು ಊಟ ಮಾಡು." ಹಸಿರು.

ಈ ದನಿ ನನ್ನೊಳಗೆ ಎಲ್ಲಿತ್ತು? ಇಷ್ಟು ವರ್ಷ ಇದನ್ನು ಯಾರೂ ಕೇಳಲಿಲ್ಲ. ನಾನೂ ಕೇಳಿರಲಿಲ್ಲ.

ಮಾರ್ಚ್ 16, ಭಾನುವಾರ

ಅಕ್ಕನ ಜೊತೆ ಮಾತಾಡಿದೆ. ಮೂರು ನಾಲ್ಕು ವಾರ ಜಾಹೀರಾತಿನ ಕೆಲಸಕ್ಕೆ ಬೇರೆ ಊರಿಗೆ ಹೋಗುತ್ತಿದ್ದೇನೆ, ಅಲ್ಲಿ ಫೋನ್ ಸಿಗುವುದಿಲ್ಲ ಎಂದು ಸುಳ್ಳು ಹೇಳಿದೆ.

"ಕ್ಯಾಂಪಾ?" ಎಂದಳು. "ಹೋಗಿ ಬಾ. ಗಂಟ್ಲಿಗೆ ಮಫ್ಲರ್ ಸುತ್ಕೋ."

ಕೋಟೆಬಾಗಿಲಿನ ಕಥೆ ಹೇಳಿದಳು. ಕೊನೆಯ ಮಾತು ನಾನು ಒದರಿದೆ. ಸ್ವಂತ ಗಂಟಲಲ್ಲಿ ಕೊನೆಯ ಸಲ. 'ಸತ್ತು ಬಂದಿಲ್ಲ' ಎನ್ನುವಾಗ ದನಿ ಒಡೆದು ಎರಡಾಯಿತು.

ಗೋಡೆಯಾಚೆಯಿಂದ ಸದ್ದಿಲ್ಲ. ಎಚ್ಚರವಿದ್ದ. ಕೆಮ್ಮಿದ್ದು ಕೇಳಿಸಿತು.

ಮಾರ್ಚ್ 18

ಓದು ಮುಗಿಯಿತು. ಕೊನೆಯ ವಾಕ್ಯ: "ಸರಿ, ಇನ್ನು ಹೊರಡೋಣ." ಯಾವನು ಬರೆದನೋ ಈ ವಾಕ್ಯಗಳನ್ನು, ನಾಟಕಕಾರ ಕಣ್ರೀ ಅವನು.

ಇನ್ನು ಯಂತ್ರ ತಾನೇ ಕಲಿಯಬೇಕು. ದಿನಗಟ್ಟಲೆ ತೆಗೆದುಕೊಳ್ಳುತ್ತದಂತೆ. ಕಮಾಂಡು ಕೊಟ್ಟೆ. ಫ್ಯಾನು ಗುರುಗುಟ್ಟುತ್ತಿದೆ. ಬ್ರೆಡ್ಡಿನವನಿಗೆ ಬೀಗದ ಕೈ ಕೊಟ್ಟು, ಅದನ್ನು ಆರಿಸಬೇಡ ಎಂದೆ.

"ಅದೇನು ಮಾಡ್ತಿದೆ ಒಳಗೆ?"

"ನಾನಾಗ್ತಾ ಇದೆ."

"ಅಯ್ಯೋ, ಇನ್ನೊಬ್ರಾ?" ಎಂದ. ಆಮೇಲೆ, ಕೈ ಒರೆಸಿಕೊಳ್ಳುತ್ತಾ, "ನಾಳೆ ಆಸ್ಪತ್ರೆಗೆ ಜೊತೆಗೆ ಯಾರು?"

ಪ್ರಾಂಪ್ಟಿನ ಗೆರೆಯ ಹಾಗೆ, ನಾನೇನು ಹೇಳುತ್ತೇನೆಂದು ಕಾಯುತ್ತಾ ಅವನು ನಿಂತ.

"ಪಾಳಿ ಮುಗಿಸಿ ಬರ್ತೀನಿ ಬಿಡಿ. ಅಲ್ಲೂ ಮಲಗೋಕೆ ಬೆಂಚು ಇರುತ್ತಲ್ಲ."

ಡಿಪೆಂಡೆನ್ಸಿ ಸಿಕ್ಕಿತು.

ಏಪ್ರಿಲ್ 9, ಬುಧವಾರ

ಮನೆ.

ಕತ್ತಿನಲ್ಲಿ ತೂತು. ಉಸಿರು ಅಲ್ಲಿಂದ. ಮಫ್ಲರ್ ಸುತ್ತಿದ್ದೇನೆ. ಅಕ್ಕ ಹೇಳಿದ ಹಾಗೆಯೇ.

ಬೆಳಿಗ್ಗೆ ಬಿಸಿ ಟೀ ಕೈಮೇಲೆ ಚೆಲ್ಲಿತು. ಬಾಯಿ ತೆರೆದು ಕೂಗಿದೆ. ಏನೂ ಬರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಬಾಯಿ ಬಿಟ್ಟ ರಾಜ. ಪ್ರೇಕ್ಷಕರಿಲ್ಲ, ಪರದೆ ಬೀಳುವುದೂ ಇಲ್ಲ.

ಬ್ರೆಡ್ಡಿನವನು ಮಧ್ಯಾಹ್ನ ಬಂದ. ಕಣ್ಣು ಕೆಂಪು.

"ನಿದ್ದೆ ಬರ್ತಿಲ್ಲ ಮಹಾರಾಜ್ರೇ. ಗೋಡೆ ಆಕಡೆ ಇಷ್ಟು ನಿಶ್ಶಬ್ದ ಇದ್ರೆ ಯಾರೋ ಸತ್ತಂಗಿರುತ್ತೆ."

ನಕ್ಕೆ. ನಗುವಿಗೂ ಸದ್ದಿಲ್ಲ. ತೂತಿನಿಂದ ಬರೀ ಗಾಳಿ.

ಏಪ್ರಿಲ್ 10

ಗೋಡೆಯ ಚೀಟಿ ನೋಡಿ, ಮೊದಲು ಆ್ಯಕ್ಟಿವೇಟ್. ಆಮೇಲೆ ಕಮಾಂಡು. ಮೈಕಿನ ಎದುರಲ್ಲ, ಸ್ಪೀಕರಿನ ಎದುರು ಕೂತಿದ್ದೇನೆ ಈಗ. ಟೈಪ್ ಮಾಡಿದೆ: ನಾನು ಇಲ್ಲಿದ್ದೇನೆ.

"ನಾನು ಇಲ್ಲಿದ್ದೇನೆ."

ಒಬ್ಬ ಮೆಲುದನಿಯ ಮನುಷ್ಯ. ಮರ್ಯಾದಸ್ಥ. ಪಕ್ಕದ ಕೋಣೆಯಲ್ಲಿ ಮಲಗಿದವರನ್ನು ಎಬ್ಬಿಸದವನು. ಘರ್ಜನೆ ಎಲ್ಲಿ? ಮೂರು ಮೂರು ಆಶ್ಚರ್ಯಸೂಚಕ ಹಾಕಿ ಟೈಪ್ ಮಾಡಿದೆ. "ಬಾಗಿಲು ತೆರೆಯಿರಿ." ಯಾರದೋ ಮನೆಗೆ ಸಾಲದ ಸಕ್ಕರೆ ಕೇಳಲು ಬಂದವನ ಹಾಗೆ ಹೇಳಿತು.

ಬ್ರೆಡ್ಡಿನವನು ಇಣುಕಿದ. "ನೆಂಟರು ಬಂದಿದ್ರಾ? ಯಾರೋ ಮಾತಾಡಿದ ಹಾಗಾಯ್ತು."

ಇವನಿಗೇ ಗುರುತು ಸಿಗಲಿಲ್ಲ. ಇನ್ನು ಅಕ್ಕ?

ಏಪ್ರಿಲ್ 13, ಭಾನುವಾರ

ಹತ್ತೂವರೆಗೇ ಕೂತೆ. ಆ್ಯಕ್ಟಿವೇಟ್ ಆಯಿತು. ಸ್ಪೀಕರ್ ಪೂರ್ತಿ ಏರಿಸಿ ಫೋನನ್ನು ಅದಕ್ಕೆ ಒರಗಿಸಿದೆ. ಹೇಳಬೇಕಾದ ಮಾತುಗಳನ್ನು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಹನ್ನೊಂದಕ್ಕೆ ಫೋನ್. ಸೊಸೆ ಎತ್ತಿ, ರೂಢಿಯಂತೆ ಹೆದರಿಕೊಂಡು, ಅಕ್ಕನಿಗೆ ಕೊಟ್ಟಳು.

"ಏನೋ ಗಂಟ್ಲೂ! ಬಂದ್ಯಾ ಕ್ಯಾಂಪಿಂದ?"

ಎಂಟರ್. "ಬಂದೆ ಅಕ್ಕಾ. ಚೆನ್ನಾಗಿದ್ದೀಯಾ?"



"ಯಾರ್ರೀ ನೀವು?"

"ನಾನೇ ಅಕ್ಕಾ."

"ನಾನೇ ಅಂದ್ರೆ? ಇದು ನನ್ನ ತಮ್ಮನ ಫೋನು. ಅವನು ಮೆಲ್ಲಗೆ ಮಾತಾಡೋನೇ ಅಲ್ಲ. ಅವನಿಗೇನಾಯ್ತು? ಯಾರು ನೀವು, ಆಸ್ಪತ್ರೆಯವ್ರಾ?"

'ನಾನೇ ಅಕ್ಕಾ' ಎಂಬುದನ್ನೇ ಮತ್ತೆ ಹೇಳಿಸೋಣ, ಹೊಸದಾಗಿ ಟೈಪ್ ಮಾಡಲು ಹೊತ್ತಿಲ್ಲ, ಕಾಪಿ ಮಾಡೋಣವೆಂದು ಕಂಟ್ರೋಲ್ ಸಿ ಒತ್ತಿದೆ. ಜಾಹೀರಾತಿನ ಮಾತುಗಳನ್ನು ದಿನಾ ಹಾಗೆಯೇ ಕಾಪಿ ಮಾಡುವುದು. ಕರಿ ಕಿಟಕಿಯಲ್ಲಿ ಅದರ ಅರ್ಥ ಬೇರೆ. ಅಲ್ಲಿ ಅದು ಕತ್ತು ಹಿಸುಕುವ ಕಮಾಂಡು. ಸಾಫ್ಟ್‌ವೇರ್ ಸತ್ತಿತು. ಗಾಬರಿಯಲ್ಲಿ ಕಿಟಕಿಯನ್ನೇ ಮುಚ್ಚಿದೆ. ಹೊಸದು ತೆರೆದು ಕಮಾಂಡು ಕೊಟ್ಟೆ. ಮಾಡ್ಯೂಲ್ ನಾಟ್ ಫೌಂಡ್. ಮತ್ತೆ ಕೊಟ್ಟೆ. ನಾಟ್ ಫೌಂಡ್. ನಾಟ್ ಫೌಂಡ್. ಗೋಡೆಯ ಚೀಟಿ ಕಣ್ಣೆದುರೇ ಇತ್ತು. ಕಾಣಲಿಲ್ಲ.

"ಹಲೋ? ಹಲೋ? ಗಂಟ್ಲೂ? ಎಲ್ಲಿದ್ದೀಯೋ?"

ಗೆರೆ ಮಿಣುಕುತ್ತಿತ್ತು. ನಾನು ಏನು ಹೇಳುತ್ತೇನೆಂದು ಕಾಯುತ್ತಾ. ಅಕ್ಕನೂ ಕಾಯುತ್ತಾ. ಬಾಯಿ ತೆರೆದೆ. ಗಾಳಿ.

ಆಗ ಕೈ ತಾನಾಗಿ ಪೆನ್ಸಿಲ್ ಎತ್ತಿಕೊಂಡಿತು. ಫೋನಿನ ಮೇಲೆ ಎರಡು ಸಲ ತಟ್ಟಿದೆ.

ಟಕ್ ಟಕ್.

ಮತ್ತೆ ತಟ್ಟಿದೆ. ಟಕ್ ಟಕ್.

ಬಹಳ ಹೊತ್ತಿನ ಮೇಲೆ ಬಂತು. ಪಿಸುಮಾತು. ವಿಂಗಿನ ಕತ್ತಲೆಯಿಂದ ಬರುತ್ತಿದ್ದ ಅದೇ ಪಿಸುಮಾತು, ಒಂದಕ್ಷರ ನುಂಗದೆ:

"ಬಾಗಿಲು ತೆರೆಯಿರಿ. ಸೋತು ಬಂದಿದ್ದೇನೆ, ಸತ್ತು ಬಂದಿಲ್ಲ."

ಮೇಜಿನ ಮೇಲೆ ತಲೆಯಿಟ್ಟೆ.

"ಮಾತು ಹೋಯ್ತೇನೋ?" ಎಂದಳು. "ಹೌದಾದ್ರೆ ಒಂದ್ಸಲ ತಟ್ಟು."

ತಟ್ಟಿದೆ. ಒಂದು ಸಲ.

ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ಹಲ್ಲಿನ ಸೆಟ್ಟು ಸರಿಮಾಡಿಕೊಂಡ ಸದ್ದು.

"ನೆಗಡಿಯಂತೆ ನೆಗಡಿ! ಸುಳ್ಳು ಹೇಳೋಕೂ ಪ್ರಾಂಪ್ಟರ್ ಬೇಕು ನಿಂಗೆ. ಜೊತೆಗೆ ಯಾರಾದ್ರೂ ಇದ್ದಾರೇನೋ?"

ಗೋಡೆ ನೋಡಿದೆ. ಒಂದು ಸಲ ತಟ್ಟಿದೆ.

"ಸದ್ಯ. ಮತ್ತೆ ಆ ಮೆಲ್ಲಗೆ ಮಾತಾಡೋನು ಯಾರೋ? ಮಷೀನಾ?" ಒಂದು ತಟ್ಟು. "ಅವನು ಪರವಾಗಿಲ್ಲ ಕಣೋ. ಒಂದೊಂದು ಅಕ್ಷರ ಬಿಡಿಸಿ ಹೇಳ್ತಾನೆ. ಎಲ್ಲಾ ಕೇಳಿಸ್ತು ನಂಗೆ. ನೀನು ಕೂಗೋವಾಗ ಅರ್ಧ ಬರೀ ಗುಡುಗು. ನಾನೇ ಊಹೆ ಮಾಡ್ಕೊತಿದ್ದೆ."

ಎಲಾ ಅಕ್ಕಾ! ಇಷ್ಟು ಭಾನುವಾರ!

"ಅವನನ್ನ ಕರಿ. ಎಲ್ಲಿ ಹೋದ? ಕೆಟ್ಟೋದ್ನಾ? ಸರಿಮಾಡು. ಸ್ವಲ್ಪ ಹೊತ್ತು ಬಿಟ್ಟು ನಾನೇ ಮಾಡ್ತೀನಿ. ಏನಾಯ್ತು ಅಂತ ಮೊದಲಿಂದ ಹೇಳ್ಬೇಕು. ಸುಳ್ಳು ಬೇಡ. ಮರೆತ್ರೆ ತಟ್ಟು."

ಇಟ್ಟಳು.

ಅವಳ ಫೋನು ಬರುವವರೆಗೆ ಇದನ್ನು ಬರೆಯುತ್ತಾ ಕೂತಿದ್ದೇನೆ. ಚೀಟಿ ಈಗ ಕಾಣಿಸುತ್ತಿದೆ. ಮೊದಲು ಆ್ಯಕ್ಟಿವೇಟ್. ಆಯಿತು. ಆಮೇಲೆ ಕಮಾಂಡು. ಆಯಿತು. ಕೆಂಪಿಲ್ಲ. ಮೊದಲೇ ಬರೆದಿಟ್ಟ ಚೀಟಿ ಹರಿದೆ, ಅದರಲ್ಲಿರುವುದೆಲ್ಲ ಸುಳ್ಳು. ಹೊಸದಾಗಿ ಟೈಪ್ ಮಾಡಬೇಕು. ಎಲ್ಲಿಂದ ಶುರು ಮಾಡಲಿ — ಗಡ್ಡೆಯಿಂದಲೋ, ಚಪ್ಪಲಿ ಅಂಗಡಿಯಿಂದಲೋ... ಫೋನು ಹೊಡೆದುಕೊಳ್ಳುತ್ತಿದೆ. ಅಕ್ಕನೇ. ಶುರು ಹೀಗೆ: 'ಅಕ್ಕಾ, ಫೆಬ್ರವರಿಯಲ್ಲಿ ಒಂದು ದಿನ ಗಂಟಲು —'